ಪುಸ್ತಕದಿಂದ ಸಂಸ್ಕೃತ ಕಲಿತವನು

ಕನ್ನಡ ಕೂಟದ ಸ್ಮರಣ ಸಂಚಿಕೆಗೆ ನಾನು ಬರೆಯಲು ಒಪ್ಪಿಕೊಂಡಿದ್ದು ಯುರೋಪಿನ ಒಬ್ಬ ಹಳೆಯ ಸಂಸ್ಕೃತ ವಿದ್ವಾಂಸನ ಜೀವನದ ಬಗ್ಗೆ. ಆತ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಹಡಗಿನಲ್ಲಿ ಬಂದ ಹಸ್ತಪ್ರತಿಗಳನ್ನು ಓದಿ ಓದಿ, ಕಣ್ಣು ಕೆಡಿಸಿಕೊಂಡು ಕಲಿತವನು. ಅಪ್ಪ ಮೈಸೂರಿನ ವೇದಪಾಠಶಾಲೆಯಲ್ಲಿ ಮೇಷ್ಟ್ರಾಗಿದ್ದು, ನಿವೃತ್ತರಾದ ಮೇಲೆ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಮನೆಗೆ ಬಂದಿದ್ದರು. ಈ ವಿಷಯ ಹೇಳಿದರೆ ಮೂಗು ಮುರಿದರು.

"ಗುರುಮುಖವೇ ಇಲ್ದೆ ಕಲ್ತಿದ್ದು ಅದೆಂಥಾ ವಿದ್ಯೆನಮ್ಮಾ?"

ಆಮೇಲೆ ಅಪ್ಪನಿಗೆ ಸ್ಟ್ರೋಕು ಹೊಡೆದು ಮಾತೇ ಹೋಯಿತು. ಮೊದಲ ಕೆಲವು ತಿಂಗಳಲ್ಲಿ ಬಂದಷ್ಟು ಬಂತು, ಮುಂದೆ ಕಷ್ಟ ಎಂದರು ಡಾಕ್ಟರು. ಮಾತು ಕಲಿಸಲು ಮನೆಗೇ ಬರುತ್ತಿದ್ದ ಅಮೆರಿಕದ ಹುಡುಗಿಯ ಮುಂದೆ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ವಾರಗಳು ಜಾರುತ್ತಿದ್ದವು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಫೀಸಿನ ಮೀಟಿಂಗನ್ನು ಕಿವಿಗೆ ಸಿಕ್ಕಿಸಿಕೊಂಡು ಅಡುಗೆಮನೆಗೂ ಹಾಲಿಗೂ ಸುಮ್ಮನೆ ಓಡಾಡುತ್ತಿದ್ದೆ. ಲೇಖನ ಅರ್ಧಕ್ಕೇ ನಿಂತಿತ್ತು.

ಒಂದು ಬೆಳಿಗ್ಗೆ ತಡೆಯಲಾರದೆ ಬರೆದಷ್ಟನ್ನೇ ಅಪ್ಪನಿಗೆ ಓದಿದೆ. ಆ ವಿದ್ವಾಂಸನ ಮುಪ್ಪಿನಲ್ಲಿ ನಮ್ಮ ದೇಶದ ತರುಣ ಪಂಡಿತನೊಬ್ಬ ಅವನ ಊರಿಗೆ ಹೋಗಿದ್ದನಂತೆ. ಅಷ್ಟೊಂದು ಗ್ರಂಥ ಅಚ್ಚು ಹಾಕಿಸಿದ್ದ ಮುದುಕ, ತನ್ನ ಶಿಷ್ಯರ ಎದುರೇ ಆ ತರುಣನ ಮುಂದೆ ಕೂತು, ಮೊದಲಿನಿಂದ ಹೇಳಿಕೊಡು ಎಂದನಂತೆ. ಓದುತ್ತಾ ಓದುತ್ತಾ ನನಗೆ ಸಿಟ್ಟು ನೆತ್ತಿಗೇರಿತು.

"ಅವ್ನಿಗಿಲ್ದಿರೋ ನಾಚ್ಕೆ ನಿಮಗ್ಯಾಕಪ್ಪಾ?" ಅಂದುಬಿಟ್ಟೆ.

ಅಪ್ಪ ಕಣ್ಣು ಮುಚ್ಚಿಕೊಂಡರು. ನಾನು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ಆ ಹುಡುಗಿ ನನ್ನಿಂದ ಕಲಿತಿದ್ದ ನಾಲ್ಕು ಕನ್ನಡ ಮಾತಿನಿಂದ ಶುರುಮಾಡಿದಳು. "ನೀರು" ಎಂದಳು. ಅಪ್ಪ ಗೋಡೆ ಬಿಟ್ಟು ಅವಳ ಕಡೆ ತಿರುಗಿದರು.

"ನೀರು. ನೀರು."

"ಹಾಲು."

"ಹಾಲು. ಹಾಲು."

ನಾನು ಕುಣಿಯುವುದೊಂದು ಬಾಕಿ. ಅವಳ ಮುಖ ಮಾತ್ರ ಸಪ್ಪಗಾಯಿತು. ಅದೇ ಮಾತಿಗೆ ನಾಲಿಗೆ ಸಿಕ್ಕಿಕೊಳ್ಳುತ್ತಿದೆಯೇನೋ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಇಲ್ಲಮ್ಮ, ವೇದಪಾಠದಲ್ಲಿ ಗುರು ಒಂದು ಸಲ ಹೇಳಿದ್ದನ್ನು ಶಿಷ್ಯ ಎರಡು ಸಲ ಹೇಳಬೇಕು, ಇವರು ಜೀವಮಾನವೆಲ್ಲ ಒಂದು ಸಲ ಹೇಳುವ ಜಾಗದಲ್ಲೇ ಕೂತಿದ್ದವರು ಎಂದು ವಿವರಿಸಿದೆ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಸ್ವಾಧೀನವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅವಳು ಮುಂದಿನ ಮಾತು ಹೇಳಲೆಂದು ಕಾಯುತ್ತಿದ್ದರು.