ಹದಿನಾರು ಕೋರ್, ಒಂದು ಮಗ್ಗ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗದ ಕೋಣೆಗೆ ಫ್ಯಾನ್ ಇಲ್ಲ. ಕಿಟಕಿಯನ್ನೂ ತೆರೆಯುವುದಿಲ್ಲ. ರೇಷ್ಮೆ ಎಳೆ ಒಣಗಿದರೆ ಕಡಿಯುತ್ತದೆ. ಬೇಸಿಗೆಯಲ್ಲಿ ಮಗ್ಗದ ಕೆಳಗೆ ನೀರು ಚಿಮುಕಿಸಿ ಒದ್ದೆ ಗೋಣಿಚೀಲ ಹಾಕುತ್ತೇವೆ. ಅಕ್ಷರ ಕಲಿಯುವ ಮೊದಲೇ ನನಗೆ ಇದು ಗೊತ್ತಿತ್ತು.

ಎರಡು ವಿದ್ಯುತ್ ಮಗ್ಗಗಳಿದ್ದ ಆ ಕೋಣೆಯಲ್ಲಿ ಈಗ ಒಂದೇ ಇದೆ, ಅಕ್ಕ ನಡೆಸುತ್ತಾಳೆ. ಇನ್ನೊಂದರ ಜಾಗದಲ್ಲಿ ನನ್ನ ಮೇಜು. ಸಾಫ್ಟ್‌ವೇರ್ ಕೆಲಸವನ್ನು ಅಲ್ಲೇ ಕೂತು ಮಾಡುತ್ತೇನೆ. ಈ ಬೇಸಿಗೆಗೆ ಮುಂಚೆ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದಕ್ಕೆ ಪ್ರೊಸೆಸರ್ ಆರಿಸಲು ಬೆಂಗಳೂರಿಗೆ ಹೋದೆ. ಕೊನೆಗೆ ಎರಡು ಉಳಿದವು. ಒಂದಕ್ಕೆ ಎಂಟು ಕೋರ್, ಅಂದರೆ ಒಟ್ಟಿಗೆ ದುಡಿಯುವ ಎಂಟು ಘಟಕ; ಇನ್ನೊಂದಕ್ಕೆ ಹದಿನಾರು.

"ನಿಮ್ ಕೆಲಸಕ್ಕೆ ಎಂಟೇ ಸಾಕು ಗುರು," ಎಂದ ಅಂಗಡಿಯವನು. "ದೊಡ್ಡದು ಒಲೆ ಇದ್ದಂಗೆ, ಬಿಸಿ ಉಗುಳುತ್ತೆ. ರೂಮಲ್ಲಿ ಎಸಿ ಇದೆ ತಾನೇ?"

"ಇದೆ," ಎಂದೆ.

ಫ್ಯಾನೂ ಇಲ್ಲ ಎನ್ನಲು ನಾಚಿಕೆಯಾಯಿತು. ಜೊತೆಗೆ ಮಗ್ಗದ ಮನೆಯವನ ಲೆಕ್ಕ ಬೇರೆ: ಮಗ್ಗ ಎರಡಾದರೆ ಸೀರೆಯೂ ಎರಡರಷ್ಟು. ಕೋರ್‌ಗಳನ್ನೂ ಹಾಗೇ ಎಣಿಸಿದೆ. ಹದಿನಾರರದ್ದನ್ನೇ ತಂದು ಜೋಡಿಸಿದ ಮೇಲೆ ಗೊತ್ತಾಯಿತು, ಹದಿನಾರೂ ಒಟ್ಟಿಗೆ ದುಡಿದರೂ ನನ್ನ ಕೆಲಸದ ಕೊನೆಯ ಹಂತ ಒಂದೇ ಕೋರಿಗಾಗಿ ಕಾಯುತ್ತಿತ್ತು. ಉಳಿತಾಯವಾದ ಸಮಯ ಒಂದು ಲೋಟ ಕಾಫಿ ಕುಡಿಯುವಷ್ಟೂ ಅಲ್ಲ.

ಕಂಪ್ಯೂಟರಿನ ಬೆನ್ನು ಹಾಸಿನ ಕಡೆಗಿತ್ತು. ಹಾಸೆಂದರೆ ಸೀರೆಯ ಉದ್ದಕ್ಕೆ ಮಗ್ಗಕ್ಕೆ ಹೂಡಿದ ಎಳೆಗಳು; ಅದನ್ನು ವ್ಯಾಪಾರಿಗಳು ಕೊಡುತ್ತಾರೆ, ನಾವು ಕೂಲಿಗೆ ನೇಯುತ್ತೇವೆ. ಮಗ್ಗದ ಸದ್ದು ಕೇಳದಿರಲೆಂದು ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಿದ್ದೆ. ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮಗ್ಗ ನಿಂತರೆ ನಿದ್ದೆಯಲ್ಲಿದ್ದವರೂ ಏಳುತ್ತಾರೆ. ನಾನು ಪಕ್ಕದಲ್ಲೇ ಎಚ್ಚರವಾಗಿ ಕೂತಿದ್ದೆ, ಕೇಳಲಿಲ್ಲ.

ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದಾಗ ಅಕ್ಕ ಹಾಸಿನ ಮೇಲೆ ಬಾಗಿ ಕಡಿದ ಎಳೆ ಹುಡುಕುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಏನಕ್ಕಾ?"

"ಕಣ್ಣು ಹೋಯ್ತು ಕಣೋ, ಗಂಟು ಸರಿಯಾಗಿ ಕೂರ್ತಿಲ್ಲ. ಒಂದು ಗಂಟು ಹಾಕೋದ್ರೊಳಗೆ ಇನ್ನೊಂದು ಕಡಿಯುತ್ತೆ. ಹಾಸು ಕೊಡೋರಿಗೆ ಹೇಳ್ಬಿಟ್ಟೆ, ಇದೇ ಕೊನೇದು, ಇನ್ನು ನೇಯಲ್ಲ ಅಂತ."

ಎಳೆ ಹುಡುಕಲು ನಾನೂ ಹಾಸಿನ ಪಕ್ಕಕ್ಕೆ ಹೋದೆ. ಕಾಲಿಗೆ ಬಿಸಿ ಗಾಳಿ ತಾಗಿತು. ಬೆಳಿಗ್ಗೆ ಒದ್ದೆ ಮಾಡಿದ ಗೋಣಿಚೀಲವನ್ನು ಬಗ್ಗಿ ಮುಟ್ಟಿದೆ. ಒಣಗಿ ಗರಿಗರಿಯಾಗಿತ್ತು.

ಕಂಪ್ಯೂಟರ್ ಆಫ್ ಮಾಡಿ, ಪಡಸಾಲೆಗೆ ಹೊತ್ತೊಯ್ದೆ. ಮರುದಿನ ಮಗ್ಗ ಬೆಳಗಿನಿಂದ ಊಟದ ಹೊತ್ತಿನವರೆಗೆ ಹೆಚ್ಚುಕಡಿಮೆ ನಿಲ್ಲದೆ ಓಡಿತು. ಅಕ್ಕ ಊಟಕ್ಕೆ ಬಂದಾಗ ಹೇಳಿದೆ, "ನಿನ್ ಕಣ್ಣಲ್ಲಕ್ಕಾ, ನನ್ ಕಂಪ್ಯೂಟರು."

"ಹೋಗೋ!" ಅಕ್ಕ ನಕ್ಕಳು. "ಡಬ್ಬಿ ಹಾಸು ಒಣಗಿಸುತ್ತಾ? ನನ್ ಸಮಾಧಾನಕ್ಕೆ ಏನೇನೋ ಹೇಳ್ಬೇಡ. ನಿನ್ನೆ ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡೆ, ಅದಕ್ಕೇ ಸರಿಹೋಯ್ತು."

ಅವಳ ಕೈ ಹಿಡಿದು, ಕೆಲಸದಲ್ಲಿದ್ದ ಕಂಪ್ಯೂಟರಿನ ಹಿಂದೆ ಇರಿಸಿದೆ. ರೊಟ್ಟಿಯ ಹೆಂಚಿನ ಕಾವು ನೋಡುವಂತೆ ಅವಳು ಅಂಗೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು. ನಗು ಹೋಯಿತು.

"ಇಷ್ಟು ದಿನ ಇದು ನನ್ ಹಾಸಿನ ಮೇಲೆ ಬಿಡ್ತಿತ್ತಾ?"

"ಹೂಂ."

"ನಾನು ರಾತ್ರಿಯೆಲ್ಲಾ ಅಳ್ತಿದ್ದೆ ಕಣೋ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ರೊಸೆಸರ್ ಬದಲಾಯಿಸಿದೆ, ಎಂಟು ಕೋರಿನದು ತಂದೆ. ಅದೂ ಪಡಸಾಲೆಯಲ್ಲೇ ಇದೆ. ಹಾಸು ಕೊಡುವವರ ಬಳಿ ನಾನೇ ಹೋಗಿ ತಪ್ಪು ನನ್ನದೆಂದು ಹೇಳಿಬಂದೆ. ಅಕ್ಕ ಮುಂದಿನ ಹಾಸು ತೆಗೆದುಕೊಂಡಳು, ಈಗ ಅದನ್ನೇ ನೇಯುತ್ತಿದ್ದಾಳೆ. ನಾನು ಹೆಡ್‌ಫೋನ್ ಹಾಕುವುದಿಲ್ಲ. ಯಾವ ಹಾಸಿನಲ್ಲೂ ಆಗೊಮ್ಮೆ ಈಗೊಮ್ಮೆ ಎಳೆ ಕಡಿಯುವುದುಂಟು. ಸದ್ದು ನಿಂತೊಡನೆ ಬಾಗಿಲಿಗೆ ಹೋಗಿ ನೋಡುತ್ತೇನೆ. ಅಕ್ಕ ಮೊದಲು ಎಳೆ ಹುಡುಕುವುದಿಲ್ಲ. ತಪ್ಪು ಇನ್ನೂ ಕಣ್ಣಿನದೇ ಎಂಬಂತೆ, ಸೆರಗಿನಿಂದ ಅದನ್ನು ಉಜ್ಜಿಕೊಳ್ಳುತ್ತಾಳೆ.