ಕುಬಸಕ್ಕೆ ಬಂದ ಜಾಕೀಟು

ಆ ಜಾಕೀಟಿನ ಬಣ್ಣ ಹಸಿರು ಎಂದು ಅವ್ವ ಹೇಳುತ್ತಾಳೆ. ನನ್ನ ತಲೆಯಲ್ಲಿ ಅದು ಕೆಂಪು. ಅಕ್ಕನನ್ನು ಕೇಳಿದರೆ, "ಬಣ್ಣ ಯಾರಿಗ್ ಗೊತ್ತು? ಸೆಕಿ ಗೊತ್ತೈತಿ" ಎನ್ನುತ್ತಾಳೆ. ಫೋಟೋ ನೋಡೋಣವೆಂದರೆ, ಫೋಟೋದವನು ಅಕ್ಕನ ಮುಂದೆ ಬಾಳೆಗೊನೆ ಇಡಿಸಿ ತೆಗೆದಿದ್ದಾನೆ. ಕಾಣುವುದು ಕಾಲರು ಮಾತ್ರ, ಅದೂ ಕಪ್ಪಗೆ. ಬಣ್ಣವನ್ನು ಇಲ್ಲಿಗೇ ಬಿಡುತ್ತೇನೆ. ಹೂವುಗಳಂತೂ ಇದ್ದವು. ರೇಷ್ಮೆಯಲ್ಲಿ ನೇಯ್ದ, ತಾಟಿನಷ್ಟು ಅಗಲದ ಹೂವು. ದಾಸವಾಳವಲ್ಲ, ಕಮಲವಲ್ಲ, ನಮ್ಮ ಕಡೆಯ ಯಾವ ದೇವರೂ ಕೇಳದ ಹೂವು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಕ್ಕನನ್ನು ನರಗುಂದಕ್ಕೆ ಕೊಟ್ಟಿತ್ತು. ಚೊಚ್ಚಲ ಬಸಿರು, ಏಳನೆಯ ತಿಂಗಳು. ತವರಿನವರು ಹೋಗಿ ಹೊಸ ಕುಬಸ, ಎಂದರೆ ರವಿಕೆ, ತೊಡಿಸಿ, ಅತ್ತೆ ಉಡಿ ತುಂಬಿದ ಮೇಲೆ ಹೆರಿಗೆಗೆ ಕರೆದುಕೊಂಡು ಬರಬೇಕು. ಆ ಕಾರ್ಯಕ್ಕೂ ಕುಬಸವೆಂದೇ ಹೆಸರು. ಕುಬಸವಾಗದೆ ಸೊಸೆಯನ್ನು ಕಳಿಸುವುದಿಲ್ಲವೆಂದು ಅವಳ ಅತ್ತೆ ಮೊದಲೇ ಹೇಳಿದ್ದಳು. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಯವ್ವಾ, ಬಂದು ಕರಕೊಂಡ್ ಹೋಗು. ಇಲ್ಲಿ ಹಡಿಯಾಕ ನನಗ ಧೈರ್ಯ ಇಲ್ಲ."

ಕುಬಸ ತರುವ ಕೆಲಸವನ್ನು ಚಿಗವ್ವ ಕೇಳಿ ಪಡೆದಳು. ಚಿಗವ್ವ ಎಂದರೆ ಅವ್ವನ ತಂಗಿ. ನಮ್ಮೂರು ಗಜೇಂದ್ರಗಡದಲ್ಲೇ ಹುಟ್ಟಿ, ಅದನ್ನು ಮರೆಯಲು ಧಾರವಾಡಕ್ಕೆ ಹೋದವಳು. ಆ ವರ್ಷ ಗ್ಯಾಂಗ್‌ಟಾಕಿಗೆ ಪ್ರವಾಸ ಹೋಗಿದ್ದಳು. ಅಲ್ಲಿದ್ದಷ್ಟೂ ದಿನ ಮಂಜು ಕವಿದು ಪರ್ವತ ಕಂಡಿರಲಿಲ್ಲವಂತೆ. ಹಾಗಾಗಿ ಪರ್ವತದ ಬಗ್ಗೆ ತುಂಬ ಮಾತಾಡುತ್ತಿದ್ದಳು. ರಿಬ್ಬನ್ ಕಟ್ಟಿದ ಡಬ್ಬಿಯೊಂದನ್ನು ತಂದು, "ಅಲ್ಲೇ ತಗೀಬೇಕು ಅಕ್ಕಾ, ಸರ್‌ಪ್ರೈಸ್ ಅದ" ಎಂದಳು. ಒಳಗೆ ಖಣದ ಕುಬಸವಿದೆಯೆಂದು ನಂಬಿದ ಅವ್ವ ಅದನ್ನು ಎಳ್ಳಹೋಳಿಗೆಯ ಬುತ್ತಿಯ ಮೇಲಿಟ್ಟುಕೊಂಡು ಬಾಡಿಗೆ ಜೀಪು ಹತ್ತಿದಳು.

ನರಗುಂದದಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಮಣೆಯ ಮೇಲೆ ಕೂತ ಅಕ್ಕನೆದುರು ಡಬ್ಬಿ ಬಿಚ್ಚಿದರೆ ಜಾಕೀಟು! ಒಳಗೆ ಹತ್ತಿಯ ಪದರ, ಬಟ್ಟೆಯ ಗಂಟಿನ ಗುಂಡಿಗಳು, ಕಿವಿ ಮುಟ್ಟುವ ಕಾಲರು.

"ಇದೇನ್ರೀ?" ಎಂದಳು ಅತ್ತೆ.

ಚಿಗವ್ವ ಅದರ ಚೀಟಿ ಓದಿ ಅರ್ಥ ಹೇಳಿದಳು: "ಹಿಮಾಲಯದ ನೇಯ್ಗೆ ಪರಂಪರೆಯಿಂದ ಪ್ರೇರಿತ."

"ಪ್ರೇರಿತ ಅಂದ್ರ ಏನವಾ?" ಮೂಲೆಯ ಮುದುಕಿಯೊಬ್ಬಳು ಕೇಳಿದಳು.

"ಅಲ್ಲೀದಲ್ಲ ಅಂತ," ಎಂದಳು ಅಕ್ಕ.

ಅವ್ವ ಗಾಬರಿಯಾಗಿ, "ತಡೀರಿ ಬೀಗರ, ಪ್ಯಾಟಿಗೆ ಕಳಿಸಿ ಲಗೂನ ಒಂದ್ ಖಣ ತರಸ್ತೀನಿ" ಎಂದಳು.

"ನಮ್ಮೂರ ಪ್ಯಾಟ್ಯಾಗಿನ ಖಣ ತವರಮನಿ ಖಣ ಹ್ಯಾಂಗ ಆಕ್ಕೈತ್ರಿ? ಹೋಗಿ, ಇನ್ನೊಂದ್ ಚಲೋ ದಿನ ನೋಡಿ ಬರ್ರಿ."

ಚಿಗವ್ವ ಬಿಡಲಿಲ್ಲ. "ತೋಳು ಅದ, ಕೊರಳು ಅದ, ಗುಂಡಿ ಅದ. ಕುಬಸಕ್ಕ ಇನ್ನೇನ್ರೀ ಬೇಕು?"

ಅಕ್ಕ ಜಾಕೀಟಿನೊಳಗೆ ಕೈ ತೂರಿಸಿದಳು. ಎರಡೂ ಅಂಚು ಕೂಡಲಿಲ್ಲ. ಆ ಕಡೆ ಅರ್ಧ ಹೂವು, ಈ ಕಡೆ ಅರ್ಧ ಹೂವು, ನಡುವೆ ಹೊಟ್ಟೆ.

"ಇದಕ್ಕ ಕುಬಸ ಅಂತಾರೇನ್ರೀ?" ಎಂದಳು ಅತ್ತೆ. "ಹಬ್ಬಕ್ಕ ಎತ್ತಿನ ಮೈಮ್ಯಾಲೆ ಹಾಕೂ ಝೂಲ ಇದು!"

ಓಣಿ ನಕ್ಕಿತು. ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ನನ್ನ ನೆನಪಿನ ಪ್ರಕಾರ ಅಕ್ಕ ಆಗ ಚಂಗನೆ ಎದ್ದು ನಿಂತಳು. ಏಳು ತಿಂಗಳ ಬಸುರಿ ಚಂಗನೆ ಏಳುವುದಿಲ್ಲ. ಯಾರೋ ಕೈ ಕೊಟ್ಟಿರಬೇಕು. ಚೆಂದ ಕಾಣಲೆಂದು ನೆನಪು ಆ ಕೈಯನ್ನು ಅಳಿಸಿ ಹಾಕಿದೆ.

"ಝೂಲ ಹಾಕಿದ ದಿನ ಎತ್ತು ಹೂಡತಾರೇನ್ರೀ ಅತ್ತಿ?"

"ಇಲ್ಲ..."

"ಮತ್ತ? ಉಡಿ ತುಂಬ್ರಿ. ನಾ ಹೊಂಟೆ."

ಈಗಿನ ನಗು ಆಗಿನದಕ್ಕಿಂತ ಜೋರಾಗಿತ್ತು, ನಕ್ಕವರ ಮುಖ ಮಾತ್ರ ಅತ್ತೆಯ ಕಡೆಗಿತ್ತು. ಝೂಲ ಎಂದವಳು ಅವಳೇ. ಆ ಮಾತನ್ನು ನುಂಗಲು ಓಣಿ ಬಿಡಲಿಲ್ಲ. "ತುಂಬ ಬಾರವಾ, ಎತ್ತು ನಿಂತೈತಿ," ಎಂದು ಆ ಮುದುಕಿಯೇ ಅವಸರ ಮಾಡಿದಳು. ಅತ್ತೆ ಉಡಿಗೆ ಅಕ್ಕಿ ಹಾಕಿದಳು.

ಹೊರಗೆ ಬಿಸಿಲು ಕಾದ ಹೆಂಚಿನಂತಿತ್ತು. ಜೀಪಿನಲ್ಲಿ ಅವ್ವ, "ತಗಿಯವಾ ಅದನ್ನ" ಎಂದಳು.

"ರೋಣ ದಾಟಲಿ," ಎಂದಳು ಅಕ್ಕ, ಹಿಂದಿನ ರಸ್ತೆಯನ್ನೇ ನೋಡುತ್ತ. ಅವಳ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಪಕ್ಕದಲ್ಲಿ ಚಿಗವ್ವ, ಖರೇ ರೇಷ್ಮೆಯೊಳಗೆ ಗಾಳಿ ಹೇಗೆ ಆಡುತ್ತದೆಂದು ವಿವರಿಸುತ್ತಿದ್ದಳು.

ರೋಣ ದಾಟಿತು. ರಾಜೂರು ಹತ್ತಿರ ಬಂದಾಗ ಅಕ್ಕ ಜಾಕೀಟು ಕಳಚಿ ಚಿಗವ್ವನ ಹೆಗಲಿಗೆ ಹಾಕಿದಳು. "ಗಾಳಿ ಆಡತೈತಂತಲ್ಲ ಚಿಗವ್ವಾ, ಮನಿ ಬರೂತನಕ ನೀನ ಹಾಕ್ಕೊ."

ಅಷ್ಟು ಹೊಗಳಿದ ಮೇಲೆ ಒಲ್ಲೆ ಎನ್ನುವಂತಿರಲಿಲ್ಲ. ಚಿಗವ್ವ ತೋಳು ತೂರಿಸಿ, ಒಂದೊಂದೇ ಗುಂಡಿ ಹಾಕಿಕೊಂಡಳು. ಎಲ್ಲ ಗುಂಡಿ ಕೂಡಿದವು. ತೋಳು ಮುಂಗೈಗೆ ಬಂದು ನಿಂತಿತು, ಭುಜ ಎಳ್ಳಷ್ಟೂ ಜಾರಲಿಲ್ಲ.

ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಅಳತಿ ಕೊಟ್ಟು ಹೊಲಿಸಿದಂಗೈತಲ್ಲ, ತಂಗಿ," ಎಂದಳು.