ಹಿರಿತನದ ಕ್ರಮದಲ್ಲಿ ಕಳಿಸಿದ ಇ-ಮೇಲ್

ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಇರುವ ಭಯ ಒಂದೇ: ಹೆಸರು ಬಿಟ್ಟುಹೋಗುವುದು. ಮುಹೂರ್ತದ ಗಳಿಗೆ ತಪ್ಪಾದರೆ ಪೆನ್ನಿನಲ್ಲಿ ತಿದ್ದಿ ಹಂಚುತ್ತಾರೆ. ಸೋದರತ್ತೆಯ ಹೆಸರು ಬಿಟ್ಟುಹೋದರೆ ಎರಡು ತಲೆಮಾರು ಮಾತಿರುವುದಿಲ್ಲ. ಜಯನಗರದಲ್ಲಿ ಅಂಗಡಿ ಇಟ್ಟುಕೊಂಡು ನಾನು ಕಲಿತ ಶಾಸ್ತ್ರವೆಲ್ಲ ಇಷ್ಟೇ: ಎಲ್ಲರ ಹೆಸರೂ ಕಾಣಬೇಕು, ಹಿರಿಯರದು ಮೇಲಿರಬೇಕು, ಒಂದು ಮನೆಯವರು ಒಟ್ಟಿಗಿರಬೇಕು.

ಜನ ಫೋನಿನಲ್ಲೇ ಮದುವೆಗೆ ಕರೆಯತೊಡಗಿದ ಮೇಲೆ ಅಂಗಡಿಯಲ್ಲಿ ನಾನೂ ಫ್ಯಾನೂ ಉಳಿದೆವು. ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಮರುಕ ಹುಟ್ಟಿತು.

"ಹಳೇ ಕಸ್ಟಮರ್‌ಗಳಿಗೆಲ್ಲ ಒಂದು ಮೇಲ್ ಹಾಕಿ ಅಪ್ಪ. ಪ್ರೂಫ್ ಕಳ್ಸಿದ ಅಡ್ರೆಸ್‌ಗಳು ಇದಾವಲ್ಲ. ಆದ್ರೆ ಬಿಸಿಸಿಯಲ್ಲೇ ಹಾಕಿ. ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣ್ಬಾರ್ದು."

ಕಾಣಬಾರದಂತೆ! ಕರೆಯುವುದು ಕರೆದು, ಪಂಕ್ತಿಯಲ್ಲಿ ಒಬ್ಬೊಬ್ಬರಿಗೂ ಪರದೆ ಕಟ್ಟಿ ಬಡಿಸಿದ ಹಾಗಾಯಿತು. ಅವಳು ಕೆಲಸಕ್ಕೆ ಹೋದ ಮೇಲೆ ನಾನು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ಅಷ್ಟೂ ವಿಳಾಸಗಳನ್ನು ಎಲ್ಲರಿಗೂ ಕಾಣುವ ಸಾಲಿನಲ್ಲೇ ಜೋಡಿಸಿದೆ. ನಿವೃತ್ತ ಮೇಷ್ಟರುಗಳು ಮೇಲೆ. ಅಣ್ಣತಮ್ಮಂದಿರು, ವಾರಗಿತ್ತಿಯರು, ಬೀಗರು ಅಕ್ಕಪಕ್ಕ. "ಈ ವರ್ಷ ನಮ್ಮಲ್ಲಿ ಲಗ್ನಪತ್ರಿಕೆ ಮಾಡಿಸಿ ಆಶೀರ್ವದಿಸಿದ ತಮ್ಮೆಲ್ಲರಿಗೂ" ಎಂದು ಆರಂಭಿಸಿ, ಹೊಸ ಡಿಸೈನುಗಳ ಚಿತ್ರ ಸೇರಿಸಿ, ಕುಲದೇವರನ್ನು ನೆನೆದು ಗುಂಡಿ ಒತ್ತಿದೆ.

ಕಾಫಿ ಆರುವ ಮುಂಚೆ ಶ್ರೀನಗರದ ಹಿರಿಯರೊಬ್ಬರ ಫೋನ್ ಬಂತು. ಬೇಸಿಗೆಯಲ್ಲಿ ಮಗನ ಮದುವೆಯ ಪತ್ರಿಕೆ ನಮ್ಮಲ್ಲೇ ಮಾಡಿಸಿದ್ದವರು.

"ಏನ್ ಸಾರ್, ಭಾರಿ ಮೇಲು ಗೀಲು!"

"ಕಾಲಕ್ಕೆ ತಕ್ಕ ಹಾಗೆ ಸಾರ್."

"ನನ್ ಹೆಸರಿನ ಕೆಳಗೇ ನಮ್ ತಮ್ಮನ ಹೆಂಡ್ತಿ ಹೆಸ್ರು ಇದ್ಯಲ್ಲಾ. ಅವ್ರು ಯಾವ ಕಾರ್ಡ್ ಮಾಡ್ಸಿದ್ರು?"

ನಾನು ಕಾಫಿ ಲೋಟ ಕೆಳಗಿಟ್ಟೆ. ಆಕೆ ಯಡಿಯೂರಿನವರು, ಗಂಡ ತೀರಿಹೋಗಿದ್ದಾರೆ. ಮಗಳಿಗೆ ವಿಚ್ಛೇದನವಾಗಿತ್ತು. ಆಮೇಲೆ ಬಂದ ಸಂಬಂಧವೊಂದನ್ನು ಇದೇ ಭಾವನವರು ಹುಡುಗನ ಮನೆಗೆ ಹೋಗಿ, ಅವನ ತಂದೆಯ ಕಿವಿಯಲ್ಲಿ ಏನೋ ಊದಿ, ಮುರಿದುಬಂದಿದ್ದರು. ಈಗ ಮತ್ತೊಂದು ಕೂಡಿಬಂದು, ಭಾನುವಾರ ಬನಶಂಕರಿಯ ಸಣ್ಣ ಛತ್ರದಲ್ಲಿ ಮದುವೆ. ಐವತ್ತೇ ಪತ್ರಿಕೆ ಮಾಡಿಸಿ ಆಕೆ ಕೈಮುಗಿದಿದ್ದರು: "ತಾಳಿ ಬೀಳೋವರ್ಗೂ ನಮ್ ಭಾವನವ್ರ ಕಿವಿಗೆ ಬೀಳ್ಬಾರ್ದು ಸಾರ್." ಅವರನ್ನು ಅದೇ ಭಾವನವರ ಪಕ್ಕದಲ್ಲಿ, ಒಂದೇ ಮನೆಯವರೆಂಬ ಗೌರವದಿಂದ, ನಾನೇ ಕೂರಿಸಿದ್ದೆ.

"ವಿಸಿಟಿಂಗ್ ಕಾರ್ಡ್ ಇರ್ಬೇಕು ಸಾರ್," ಎಂದೆ.

"ಮನೇಲಿರೋ ಹೆಂಗಸಿಗೆ ವಿಸಿಟಿಂಗ್ ಕಾರ್ಡಾ? ನೀವೇ ಲಗ್ನಪತ್ರಿಕೆ ಅಂತ ಬರ್ದಿದೀರಿ." ಫೋನ್ ಇಟ್ಟರು.

ಮಗಳಿಗೆ ಫೋನ್ ಮಾಡಿ, ಕಳಿಸಿದ್ದನ್ನು ವಾಪಸ್ ತರಿಸುವುದು ಹೇಗೆಂದು ಕೇಳಿದೆ. "ಎಲ್ಲರೂ ನೋಡಿಬಿಟ್ರು ಅಪ್ಪ, ಇನ್ನೆಲ್ಲಿ ವಾಪಸ್ಸು?" ಎಂದಳು. ಆ ಹೊತ್ತಿಗೆ ಮೇಷ್ಟರೊಬ್ಬರು ಎಲ್ಲರಿಗೂ ಹೋಗುವಂತೆ ಉತ್ತರ ಬರೆದು, ಸಮಸ್ತರಿಗೂ ಆಯುರಾರೋಗ್ಯ ಹಾರೈಸಿದ್ದರು. ನಾನು ಅಂಗಡಿಯ ಷಟರ್ ಎಳೆದು ಯಡಿಯೂರಿಗೆ ನಡೆದೆ. ಕೆರೆಯ ಪಕ್ಕ ಹೋಗುವಾಗ ಒಂದೇ ಯೋಚನೆ: ಮುಳುಗಿದ ವ್ಯಾಪಾರವನ್ನು ಎತ್ತಲು ಹೋಗಿ ಒಂದು ಹುಡುಗಿಯ ಮದುವೆಯನ್ನೇ ಮುಳುಗಿಸಿದೆನಲ್ಲ!

ಆಕೆ ಬಾಗಿಲಲ್ಲೇ ನಿಂತಿದ್ದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಭಾವನವ್ರು ಫೋನ್ ಮಾಡಿದ್ರು ಸಾರ್. ನಾನು ಎತ್ಲಿಲ್ಲ. ಎಷ್ಟು ಹೊತ್ತು ಎತ್ದೇ ಇರಕ್ಕಾಗತ್ತೆ?"

"ನನ್ನಿಂದ ದೊಡ್ಡ ಅಪಚಾರ ಆಯ್ತಮ್ಮ."

"ಆಯ್ತು," ಎಂದರು. ಒಳಗೆ ಹೋಗಿ ಒಂದು ಪತ್ರಿಕೆಯನ್ನೂ ಕುಂಕುಮದ ಭರಣಿಯನ್ನೂ ತಂದರು. "ಈಗ್ಲೇ ಹೋಗಿ ಕರೀತೀನಿ. ಕರೀದೇ ಇದ್ರೆ ಗಲಾಟೆ ಮಾಡಕ್ಕೇ ಬರ್ತಾರೆ. ಕುಂಕುಮ ಕೊಟ್ಟು ಕರೆದ್ರೆ ದೊಡ್ಡವರಾಗಿ ಬರ್ಬೇಕಾಗತ್ತೆ."

"ನಾನೂ ಬರ್ಲೇನಮ್ಮ?"

"ನೀವು ಮಾಡಿದ್ದು ಸಾಕು ಸಾರ್."

ಆಕೆ ಆಟೋ ಹತ್ತಿದರು. ಅಂದಿನಿಂದ ಭಾನುವಾರದವರೆಗೆ ಫೋನ್ ಗುಂಯ್ ಎಂದಾಗಲೆಲ್ಲ ಮದುವೆ ನಿಂತಿತೆಂದೇ ತಿಳಿದೆ. ಬಂದದ್ದು ಬೇರೆ: ಎರಡು ಗೃಹಪ್ರವೇಶದ ಆರ್ಡರು. ಇ-ಮೇಲ್ ಕೆಲಸ ಮಾಡಿತ್ತು, ಮಾಡಬಾರದಿತ್ತು ಎನ್ನಿಸುವಷ್ಟು.

ಭಾನುವಾರ ಬೆಳಿಗ್ಗೆ ಕರೆಯದಿದ್ದರೂ ಛತ್ರಕ್ಕೆ ಹೋಗಿ ಕಂಬದ ಮರೆಯಲ್ಲಿ ನಿಂತೆ. ಭಾವನವರು ಬಂದರು, ರೇಷ್ಮೆ ಶಲ್ಯ ಹೊದ್ದು. ಹುಡುಗಿಯ ಕಡೆ ನೋಡಲಿಲ್ಲ. ನೇರವಾಗಿ ಹುಡುಗನ ತಂದೆಯ ಪಕ್ಕ ಹೋಗಿ ಕುಳಿತು, ಅವರ ಕಿವಿಯ ಹತ್ತಿರ ಬಾಗಿದರು. ಮಾತು ನಿಲ್ಲಲೇ ಇಲ್ಲ. ಮಂಟಪದಲ್ಲಿದ್ದ ಹುಡುಗಿಯ ತಾಯಿಯ ಕೈ ಅಕ್ಷತೆಯ ತಟ್ಟೆಯ ಮೇಲೆ ನಿಂತುಹೋಯಿತು. ಓಲಗದವರು ಯಾಕಿಷ್ಟು ಜೋರಾಗಿ ಊದುತ್ತಾರೋ, ಒಂದಕ್ಷರ ಕೇಳಲಿಲ್ಲ. ಹುಡುಗನ ತಂದೆ ತಲೆಯಾಡಿಸಿದರು. ಆಮೇಲೆ ಎದ್ದರು. ನಾನು ಕಂಬ ಹಿಡಿದುಕೊಂಡೆ.

ಎದ್ದವರು ಪುರೋಹಿತರಿಗೆ, "ಬೇಗ ಆಗ್ಲಿ ಸ್ವಾಮಿ, ಇವ್ರಿಗೆ ಶುಗರ್ ಅಂತೆ, ಹೊತ್ತಿಗ್ಸರಿಯಾಗಿ ಊಟ ಮಾಡ್ಬೇಕಂತೆ," ಎಂದರು.

ಮಾತು ಅಷ್ಟೇ ಆಗಿತ್ತೋ, ಉಳಿದದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ಕೊರಳಿಗೆ ತಾಳಿ ಬಿತ್ತು. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಕಂಬದ ಕಡೆ ನೋಡಿ, ಊಟಕ್ಕೆ ನಡೆಯಿರಿ ಎಂದು ಕೈಸನ್ನೆ ಮಾಡಿದರು.